ಕಾಫಿ ನಾಡಿನ ಹದಿಹರೆಯದವರ ಆಹಾರ: ಸ್ಥಳೀಯ ಪದ್ಧತಿ, ಪೋಷಣೆಯ ಅಗತ್ಯ ಹಾಗೂ ಲಭ್ಯವಿರುವ ಸೇವೆಗಳು

ಪೀಠಿಕೆ

ಹತ್ತರಿಂದ ಹತ್ತೊಂಬತ್ತು ವರ್ಷ ವಯಸ್ಸಿನ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಗುರುತಿಸಿದೆ. ಶೈಶವದ ನಂತರ ದೇಹವು ಅತಿ ವೇಗವಾಗಿ ಬೆಳೆಯುವ ಕಾಲವಿದು. ಈ ಅವಧಿಯಲ್ಲಿ ಸೇವಿಸುವ ಆಹಾರವು ಎತ್ತರ, ತೂಕ, ಮೂಳೆಗಳ ದೃಢತೆ ಹಾಗೂ ವಿದ್ಯಾಭ್ಯಾಸದ ಸಾಮರ್ಥ್ಯದ ಮೇಲೆ ನೇರ ಪರಿಣಾಮ ಬೀರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮುಂದಿನ ತಾಯ್ತನದ ಆರೋಗ್ಯವೂ ಇದನ್ನೇ ಅವಲಂಬಿಸಿರುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ಬೆಟ್ಟಗಳಲ್ಲಿ ಆಹಾರ ಸಾಮಗ್ರಿಗಳ ವೈವಿಧ್ಯಕ್ಕೆ ಕೊರತೆಯಿಲ್ಲ. ಆದಾಗ್ಯೂ ಈ ಭಾಗದ ಹದಿಹರೆಯದವರ ಪೋಷಣೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಬಿಸಿಯೂಟ, ಹಾಲು ಮತ್ತು ಮೊಟ್ಟೆ ದೊರೆಯುತ್ತವೆ. ಪದವಿಪೂರ್ವ ಕಾಲೇಜಿಗೆ ಸೇರಿದೊಡನೆ ಈ ದಿನನಿತ್ಯದ ಆಹಾರವು ನಿಲ್ಲುತ್ತದೆ. ಆದರೆ ದೇಹಕ್ಕೆ ಬೇಕಾಗುವ ಕಬ್ಬಿಣಾಂಶ ಮತ್ತು ಸುಣ್ಣಾಂಶದ ಪ್ರಮಾಣವು ಹದಿಹರೆಯದಲ್ಲಿಯೇ ಅತ್ಯಂತ ಹೆಚ್ಚಿನ ಮಟ್ಟ ತಲುಪುವುದು ಇದೇ 16ರಿಂದ 18ನೇ ವಯಸ್ಸಿನಲ್ಲಿ. ಈ ಅಂತರವನ್ನು ಮನೆಯ ಊಟವೇ ತುಂಬಬೇಕಾಗುತ್ತದೆ. ಪೋಷಕರು ಹಾಗೂ ವಿದ್ಯಾರ್ಥಿಗಳು ಸ್ಥಳೀಯ ಆಹಾರದಿಂದ ಇದನ್ನು ಹೇಗೆ ಸಾಧಿಸಬಹುದು ಮತ್ತು ಯಾವ ಸೇವೆಗಳನ್ನು ಎಲ್ಲಿ ಪಡೆಯಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಹದಿಹರೆಯದಲ್ಲಿ ದೇಹಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ದಿನವೊಂದಕ್ಕೆ ಬೇಕಾಗುವ ಪ್ರಮಾಣಗಳು ಹೀಗಿವೆ:

1. ಕಬ್ಬಿಣಾಂಶ: 13ರಿಂದ 15 ವರ್ಷದ ಬಾಲಕರಿಗೆ 22 ಮಿ.ಗ್ರಾಂ., ಬಾಲಕಿಯರಿಗೆ 30 ಮಿ.ಗ್ರಾಂ. 16ರಿಂದ 18 ವರ್ಷದ ಬಾಲಕರಿಗೆ 26 ಮಿ.ಗ್ರಾಂ., ಬಾಲಕಿಯರಿಗೆ 32 ಮಿ.ಗ್ರಾಂ.
2. ಸುಣ್ಣಾಂಶ: 13ರಿಂದ 15 ವರ್ಷದವರಿಗೆ 1000 ಮಿ.ಗ್ರಾಂ., 16ರಿಂದ 18 ವರ್ಷದವರಿಗೆ 1050 ಮಿ.ಗ್ರಾಂ.
3. ಪ್ರೋಟೀನ್: 13ರಿಂದ 15 ವರ್ಷದ ಬಾಲಕರಿಗೆ 45 ಗ್ರಾಂ, ಬಾಲಕಿಯರಿಗೆ 43 ಗ್ರಾಂ. 16ರಿಂದ 18 ವರ್ಷದ ಬಾಲಕರಿಗೆ 55 ಗ್ರಾಂ, ಬಾಲಕಿಯರಿಗೆ 46 ಗ್ರಾಂ.

ಬಾಲಕಿಯರಿಗೆ ಕಬ್ಬಿಣಾಂಶವು ಹೆಚ್ಚು ಬೇಕಾಗುವುದಕ್ಕೆ ಕಾರಣ ಬೆಳವಣಿಗೆಯ ಜೊತೆಗೆ ಪ್ರತಿ ತಿಂಗಳು ಋತುಸ್ರಾವದಿಂದ ಆಗುವ ನಷ್ಟ. ಆದ್ದರಿಂದ ಮನೆಯಲ್ಲಿ ಎಲ್ಲರ ಊಟವಾದ ನಂತರ ಉಳಿದುದನ್ನು ಹೆಣ್ಣುಮಕ್ಕಳು ಉಣ್ಣುವ ಪದ್ಧತಿಯಾಗಲಿ, ಋತುಸ್ರಾವದ ದಿನಗಳಲ್ಲಿ ಅವರಿಗೆ ಕೆಲವು ಆಹಾರಗಳನ್ನು ನಿರಾಕರಿಸುವ ರೂಢಿಯಾಗಲಿ ಸರಿಯಲ್ಲ. ಅವರಿಗೆ ಸೊಪ್ಪು, ಕಾಳು, ಮೊಟ್ಟೆಗಳ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಬಾಲಕಿಯರಲ್ಲಿ ಶೇ. 59.1ರಷ್ಟು ಹಾಗೂ ಅದೇ ವಯಸ್ಸಿನ ಬಾಲಕರಲ್ಲಿ ಶೇ. 31.1ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಬಾಲಕರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇರುವುದನ್ನು ಪೋಷಕರು ಗಮನಿಸಬೇಕು.

ಕಾಫಿ ಬೆಟ್ಟಗಳ ಸಾಂಪ್ರದಾಯಿಕ ಆಹಾರ

ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗವಾದ ಕಡೂರಿನ ಕಡೆ ರಾಗಿಯ ಬಳಕೆ ಹೆಚ್ಚು. ಬೆಟ್ಟದ ಭಾಗದಲ್ಲಿ ಅಕ್ಕಿಯೇ ಮುಖ್ಯ ಆಹಾರ. ಅಕ್ಕಿರೊಟ್ಟಿ, ಕಡುಬು, ಒತ್ತುಶಾವಿಗೆ, ನೀರುದೋಸೆ, ಗಂಜಿ ಇವು ದಿನಬಳಕೆಯ ತಿನಿಸುಗಳು. ಮೂಡಿಗೆರೆ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವ ಕಳಸದ ಕಡೆ ಕರಾವಳಿಯ ಪ್ರಭಾವದಿಂದ ಕುಸುಬಲಕ್ಕಿಯ ಅನ್ನ ಮತ್ತು ಗಂಜಿಯ ಬಳಕೆಯೂ ಇದೆ. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯದಲ್ಲಿ ಬಂದವರಿಗೆಲ್ಲ ಊಟ ಬಡಿಸುವ ಪದ್ಧತಿಯು ಈ ನಾಡಿನಲ್ಲಿ ಅನ್ನಕ್ಕೆ ಇರುವ ಸ್ಥಾನವನ್ನು ತೋರಿಸುತ್ತದೆ.

ಅನ್ನದ ಜೊತೆಗೆ ಸೇವಿಸುವ ಪದಾರ್ಥಗಳು ಋತುವಿಗೆ ಅನುಗುಣವಾಗಿ ಬದಲಾಗುತ್ತವೆ.

ಬೇಸಿಗೆ: ಎಳೆ ಹಲಸಿನಕಾಯಿಯ ಪಲ್ಯ, ಹಲಸಿನಕಾಯಿಯ ಹುಳಿ, ಹಪ್ಪಳ, ಮಾವಿನಕಾಯಿಯ ಗೊಜ್ಜು, ಮಿಡಿ ಉಪ್ಪಿನಕಾಯಿ. ಹಲಸಿನ ಬೀಜವನ್ನು ಒಣಗಿಸಿ ಮಳೆಗಾಲಕ್ಕೆ ಕಾಪಿಡಲಾಗುತ್ತದೆ.

ಮಳೆಗಾಲ: ಕೆಸುವಿನ ಎಲೆಯ ಪತ್ರೊಡೆ, ಬಿದಿರಿನ ಕಳಲೆ, ಅಣಬೆ, ಗದ್ದೆ ಮತ್ತು ಹಳ್ಳದ ಏಡಿ, ಸಣ್ಣ ಮೀನು, ಒಂದೆಲಗದ ತಂಬುಳಿ, ಹಲಸಿನ ಹಣ್ಣಿನ ಕಡುಬು, ಹುರುಳಿ ಸಾರು.

ಚಳಿಗಾಲ: ಹಿತ್ತಿಲಿನ ಹರಿವೆ, ಬಸಳೆ ಮೊದಲಾದ ಸೊಪ್ಪುಗಳು, ಅವರೆಕಾಳು, ಗೆಡ್ಡೆಗೆಣಸು, ಬೆಟ್ಟದ ನೆಲ್ಲಿಕಾಯಿ ಹಾಗೂ ಕಾಫಿ ತೋಟದ ನಡುವೆ ಬೆಳೆಯುವ ಕಿತ್ತಳೆ.

ಇವುಗಳಲ್ಲಿ ಹೆಚ್ಚಿನವು ಹಣ ಕೊಟ್ಟು ಕೊಳ್ಳುವ ಪದಾರ್ಥಗಳಲ್ಲ. ಅಕ್ಕಿಯಲ್ಲಿ ಕೊರತೆಯಿರುವ ಕಬ್ಬಿಣಾಂಶ, ಸುಣ್ಣಾಂಶ ಮತ್ತು ಜೀವಸತ್ವಗಳನ್ನು ಇವು ಒದಗಿಸುತ್ತವೆ. ಉದಾಹರಣೆಗೆ, 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಮತ್ತು ಸುಮಾರು 8.8 ಮಿ.ಗ್ರಾಂ. ಕಬ್ಬಿಣಾಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ ಇದ್ದು, ಕಬ್ಬಿಣಾಂಶವು ಒಂದು ಮಿ.ಗ್ರಾಂ.ಗಿಂತಲೂ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಸುಣ್ಣಾಂಶವಿದ್ದು, ಇದು 13ರಿಂದ 15 ವರ್ಷದವರ ದಿನದ ಅಗತ್ಯದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನೆಲ್ಲಿಕಾಯಿ ಮತ್ತು ಸೀಬೆಹಣ್ಣು ಇವೆರಡರಲ್ಲಿಯೂ 100 ಗ್ರಾಂಗೆ 200 ಮಿ.ಗ್ರಾಂ.ಗೂ ಹೆಚ್ಚು 'ಸಿ' ಜೀವಸತ್ವವಿದ್ದು, ಇದು ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ.

ಸ್ಥಳೀಯ ಆಹಾರ ಬಳಕೆಯಲ್ಲಿ ಎಚ್ಚರಿಕೆ:

1. ಕಳಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿರುವುದರಿಂದ ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿದ ನಂತರವೇ ಬಳಸಬೇಕು.
2. ಕೆಸುವಿನ ಎಲೆಯ ತುರಿಕೆಯ ಅಂಶವನ್ನು ಹೋಗಲಾಡಿಸಲು ಹುಣಸೆ ಮೊದಲಾದ ಹುಳಿ ಸೇರಿಸಿ ಪೂರ್ಣವಾಗಿ ಬೇಯಿಸಬೇಕು.
3. ಗುರುತು ಖಚಿತವಿಲ್ಲದ ಕಾಡಿನ ಅಣಬೆಯನ್ನು ಯಾವ ಕಾರಣಕ್ಕೂ ತಿನ್ನಬಾರದು. ವಿಷದ ಅಣಬೆಯು ಬೇಯಿಸಿದ ಮಾತ್ರಕ್ಕೆ ನಿರ್ವಿಷವಾಗುವುದಿಲ್ಲ.
4. ಕಳೆನಾಶಕ, ಕೀಟನಾಶಕ ಅಥವಾ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದಿಂದ ಸೊಪ್ಪು ಕೊಯ್ಯಬಾರದು. ಸಿಂಪಡಣೆಯ ದಿನಾಂಕವನ್ನು ತೋಟದ ಮೇಲ್ವಿಚಾರಕರಿಂದ ತಿಳಿದುಕೊಳ್ಳುವುದು ಒಳಿತು.

ಆಹಾರ ಕ್ರಮದಲ್ಲಿ ಆಗಿರುವ ಬದಲಾವಣೆ

ಬೆಟ್ಟದ ಭಾಗದ ಹಲವೆಡೆ ಭತ್ತದ ಗದ್ದೆಗಳು ಅಡಿಕೆ, ಕಾಫಿ ಮತ್ತು ಶುಂಠಿ ಬೆಳೆಗೆ ಪರಿವರ್ತನೆಯಾಗಿವೆ. ಇದರಿಂದ ಮನೆಯ ಕೆಂಪಕ್ಕಿಯ ಬದಲು ಅಂಗಡಿಯ ಪಾಲಿಶ್ ಅಕ್ಕಿಯ ಬಳಕೆ ಹೆಚ್ಚಿದೆ. ಗದ್ದೆಯ ಏಡಿ, ಮೀನು ಮತ್ತು ಬದುವಿನ ಸೊಪ್ಪು ಸಹ ಊಟದಿಂದ ದೂರವಾಗುತ್ತಿವೆ.

ಎರಡನೆಯದಾಗಿ, ಒಂಟಿ ಮನೆಗಳು ಮತ್ತು ತೋಟದ ಲೈನ್ ಮನೆಗಳು ಶಾಲೆ ಕಾಲೇಜುಗಳಿಂದ ದೂರವಿರುವುದರಿಂದ ವಿದ್ಯಾರ್ಥಿಗಳು ಮುಂಜಾನೆಯೇ ಬಸ್ಸಿಗಾಗಿ ಹೊರಡಬೇಕಾಗುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರ್‌ನಿಂದ ಅರೇಬಿಕಾ ಮತ್ತು ಜನವರಿಯ ನಂತರ ರೊಬಸ್ಟಾ ಕೊಯ್ಲಿನ ಅವಧಿಯಲ್ಲಿ, ತಂದೆತಾಯಿಯರೂ ಬೆಳಿಗ್ಗೆಯೇ ಕೆಲಸಕ್ಕೆ ತೆರಳುತ್ತಾರೆ. ಇಂತಹ ಮನೆಗಳಲ್ಲಿ ಮಕ್ಕಳು ಒಂದು ಲೋಟ ಕಾಫಿ ಮತ್ತು ಎರಡು ಬಿಸ್ಕತ್ತಿನಲ್ಲಿಯೇ ಬೆಳಗಿನ ಉಪಾಹಾರವನ್ನು ಮುಗಿಸುವುದು ಸಾಮಾನ್ಯ. ಪದವಿಪೂರ್ವ ವಿದ್ಯಾರ್ಥಿಗೆ ಮಧ್ಯಾಹ್ನದ ಬಿಸಿಯೂಟವೂ ಇಲ್ಲದಿರುವುದರಿಂದ, ಬುತ್ತಿಯಿಲ್ಲದೆ ಹೋದ ದಿನ ಸಂಜೆಯವರೆಗೆ ಬಸ್ ನಿಲ್ದಾಣದ ಕರಿದ ತಿಂಡಿ ಮತ್ತು ಪೊಟ್ಟಣದ ಕುರುಕಲು ತಿನಿಸುಗಳೇ ಆಹಾರವಾಗುತ್ತವೆ. ಇವುಗಳಲ್ಲಿ ಎಣ್ಣೆ, ಉಪ್ಪು ಮತ್ತು ಸಕ್ಕರೆ ಹೆಚ್ಚಾಗಿದ್ದು ಕಬ್ಬಿಣಾಂಶ ಹಾಗೂ ಸುಣ್ಣಾಂಶ ಅತ್ಯಲ್ಪ. ಹೊಟ್ಟೆ ತುಂಬಿದಂತಾದರೂ ಕೊರತೆ ಹಾಗೆಯೇ ಉಳಿಯುತ್ತದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯ ಪ್ರಕಾರ, ಕೊಬ್ಬು, ಉಪ್ಪು ಅಥವಾ ಸಕ್ಕರೆ ಅಧಿಕವಾಗಿರುವ ಆಹಾರವನ್ನು ಶಾಲಾ ಆವರಣದಲ್ಲಿ ಹಾಗೂ ಶಾಲೆಯ ಗೇಟಿನಿಂದ 50 ಮೀಟರ್ ಅಂತರದೊಳಗೆ ಶಾಲಾ ಮಕ್ಕಳಿಗೆ ಮಾರಾಟ ಮಾಡುವಂತಿಲ್ಲ.

ಕಾಫಿ ಮತ್ತು ಕಬ್ಬಿಣಾಂಶ

ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವಿದೆ. ಇಂದು ಈ ಭಾಗದಲ್ಲಿ ಕಾಫಿಯು ಜೀವನೋಪಾಯವೂ ಹೌದು, ಪ್ರತಿ ಮನೆಯ ಪಾನೀಯವೂ ಹೌದು. ಬೆಲ್ಲದ ಕರಿಕಾಫಿಯನ್ನು ಮಕ್ಕಳಿಗೂ ನೀಡುವ ರೂಢಿ ಅನೇಕ ಮನೆಗಳಲ್ಲಿದೆ. ಕಾಫಿಯನ್ನು ಕೆಟ್ಟ ಪದಾರ್ಥವೆಂದು ಭಾವಿಸಬೇಕಾಗಿಲ್ಲ. ಆದರೆ ಅದನ್ನು ಯಾವಾಗ ಕುಡಿಯಲಾಗುತ್ತದೆ ಎಂಬುದು ಮುಖ್ಯ.

ಕಾಫಿ ಮತ್ತು ಚಹಾದಲ್ಲಿರುವ ಪಾಲಿಫೀನಾಲ್ ಎಂಬ ಅಂಶಗಳು ಹೊಟ್ಟೆಯಲ್ಲಿ ಆಹಾರದ ಕಬ್ಬಿಣಾಂಶದೊಂದಿಗೆ ಸೇರಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಊಟದ ಜೊತೆಗೆ ಒಂದು ಕಪ್ ಕಾಫಿ ಸೇವಿಸಿದಾಗ ಕಬ್ಬಿಣಾಂಶದ ಹೀರಿಕೆಯು ಶೇ. 39ರಷ್ಟು ಹಾಗೂ ಚಹಾ ಸೇವಿಸಿದಾಗ ಶೇ. 64ರಷ್ಟು ಕಡಿಮೆಯಾಯಿತು. ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಕುಡಿದಾಗ ಇಂತಹ ಇಳಿಕೆ ಕಂಡುಬರಲಿಲ್ಲ. ಅಂದರೆ ಸೊಪ್ಪಿನ ಪಲ್ಯದೊಂದಿಗೆ ರೊಟ್ಟಿ ತಿಂದು ಅದರೊಡನೆಯೇ ಕಾಫಿ ಕುಡಿದರೆ ಸೊಪ್ಪಿನ ಪ್ರಯೋಜನದ ಒಂದು ದೊಡ್ಡ ಪಾಲು ನಷ್ಟವಾಗುತ್ತದೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ನಂತರ ಕಾಫಿ, ಚಹಾ ಸೇವಿಸದಿರುವಂತೆ ಸೂಚಿಸಿದೆ. ಊಟದ ನಂತರದ ಅಂತರವು ಇನ್ನೂ ಹೆಚ್ಚಿದ್ದಷ್ಟೂ ಒಳ್ಳೆಯದು. ಇದೇ ಮಾರ್ಗಸೂಚಿಯಂತೆ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಕೆಫೀನ್ ಇರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಮಕ್ಕಳು ಮತ್ತು ಹದಿಹರೆಯದವರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 3 ಮಿ.ಗ್ರಾಂ. ಕೆಫೀನ್ ಮೀರಬಾರದೆಂದು 2015ರಲ್ಲಿ ತಿಳಿಸಿದೆ. ಈ ಲೆಕ್ಕದಂತೆ 40 ಕಿಲೋಗ್ರಾಂ ತೂಕದ ಬಾಲಕ ಅಥವಾ ಬಾಲಕಿಗೆ ದಿನಕ್ಕೆ 120 ಮಿ.ಗ್ರಾಂ., ಅಂದರೆ ಗಟ್ಟಿ ಡಿಕಾಕ್ಷನ್ನಿನ ಒಂದು ಕಪ್ ಕಾಫಿಯೇ ಮಿತಿಯಾಗುತ್ತದೆ. ಕಾಫಿಯು ತೆಳುವಾಗಿದ್ದಲ್ಲಿ ಕೆಫೀನ್ ಪ್ರಮಾಣ ಇದಕ್ಕಿಂತ ಕಡಿಮೆ ಇರುತ್ತದೆ. ಪರೀಕ್ಷಾ ಸಮಯದಲ್ಲಿ ನಿದ್ದೆ ತಡೆಯಲು ಪದೇ ಪದೇ ಕಾಫಿ ಕುಡಿಯುವುದು ಹಾಗೂ ಕೆಫೀನ್ ಬೆರೆಸಿದ ಎನರ್ಜಿ ಡ್ರಿಂಕ್‌ಗಳನ್ನು ಸೇವಿಸುವುದು ಹದಿಹರೆಯದವರಿಗೆ ತಕ್ಕುದಲ್ಲ.

ಅನುಸರಿಸಬಹುದಾದ ಸರಳ ಕ್ರಮವೆಂದರೆ, ಬೆಳಗಿನ ತಿಂಡಿಯೊಂದಿಗಿನ ಕಾಫಿಯನ್ನು ಸಂಜೆಯ ಹೊತ್ತಿಗೆ ಮುಂದೂಡುವುದು ಮತ್ತು ತಿಂಡಿಯೊಂದಿಗೆ ನೀರು, ನಿಂಬೆಯ ಪಾನಕ ಅಥವಾ ಒಂದು ಹಣ್ಣನ್ನು ನೀಡುವುದು. ಇದಕ್ಕೆ ಹೆಚ್ಚಿನ ಖರ್ಚು ತಗಲುವುದಿಲ್ಲ.

ರಕ್ತಹೀನತೆ, ಜಂತುಹುಳು ಮತ್ತು ಅಯೋಡಿನ್

ಬೇಗ ಆಯಾಸವಾಗುವುದು, ಏರು ಹತ್ತುವಾಗ ಉಸಿರು ಕಟ್ಟುವುದು, ಕಣ್ಣಿನ ಒಳರೆಪ್ಪೆ ಮತ್ತು ನಾಲಿಗೆ ಬಿಳಿಚಿಕೊಳ್ಳುವುದು, ಪಾಠದಲ್ಲಿ ಗಮನ ನಿಲ್ಲದಿರುವುದು ಇವು ರಕ್ತಹೀನತೆಯ ಸಾಮಾನ್ಯ ಲಕ್ಷಣಗಳು. ಹಿಮೋಗ್ಲೋಬಿನ್ ಪ್ರಮಾಣವು 12ರಿಂದ 14 ವರ್ಷದವರಲ್ಲಿ ಹಾಗೂ 15 ವರ್ಷ ಮೇಲ್ಪಟ್ಟ ಬಾಲಕಿಯರಲ್ಲಿ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ, 15 ವರ್ಷ ಮೇಲ್ಪಟ್ಟ ಬಾಲಕರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ಪರಿಗಣಿಸಲಾಗುತ್ತದೆ. 8 ಗ್ರಾಂಗಿಂತ ಕಡಿಮೆಯಿರುವುದು ತೀವ್ರ ಸ್ವರೂಪದ್ದಾಗಿದ್ದು, ಆಹಾರದಿಂದ ಮಾತ್ರ ಸರಿಪಡಿಸಲು ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ನೆರಳು ಮತ್ತು ತೇವವಿರುವ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬದುಕುತ್ತವೆ. ಬರಿಗಾಲಿನಲ್ಲಿ ನಡೆಯುವವರ ಪಾದದ ಚರ್ಮದ ಮೂಲಕ ಇವು ದೇಹ ಪ್ರವೇಶಿಸಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಆದ್ದರಿಂದ ತೋಟದಲ್ಲಿ ಪಾದರಕ್ಷೆ ಧರಿಸುವುದು, ಶೌಚಾಲಯ ಬಳಸುವುದು ಮತ್ತು ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು ಸಹ ಪೋಷಣೆಯ ಭಾಗವೇ ಆಗಿದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಶಾಲೆ ಮತ್ತು ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ.

ಹೆಚ್ಚು ಮಳೆ ಬೀಳುವ ಬೆಟ್ಟ ಪ್ರದೇಶಗಳಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುವುದರಿಂದ ಅಲ್ಲಿ ಬೆಳೆದ ಆಹಾರದಲ್ಲಿಯೂ ಅದರ ಕೊರತೆ ಇರುತ್ತದೆ. ಇದರಿಂದ ಗಳಗಂಡ ರೋಗ ಬರುವುದಲ್ಲದೆ ಕಲಿಕೆಯ ಸಾಮರ್ಥ್ಯವೂ ಕುಂದುತ್ತದೆ. ನೇರ ಸೇವನೆಗಾಗಿ ಅಯೋಡಿನ್‌ರಹಿತ ಉಪ್ಪಿನ ಮಾರಾಟವನ್ನು ದೇಶದಲ್ಲಿ 2006ರ ಮೇ 17ರಿಂದ ನಿಷೇಧಿಸಲಾಗಿದೆ. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಲೆಯ ಪಕ್ಕ ಇಡದಿರುವುದು ಸೂಕ್ತ. ಒಟ್ಟು ಉಪ್ಪಿನ ಪ್ರಮಾಣ ದಿನಕ್ಕೆ 5 ಗ್ರಾಂ ಮೀರಬಾರದು.

ಒಂದು ದಿನದ ಮಾದರಿ ಆಹಾರ

ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟು ಈ ಕೆಳಗಿನ ಮಾದರಿಯನ್ನು ನೀಡಲಾಗಿದೆ. ಋತು ಮತ್ತು ಅನುಕೂಲಕ್ಕೆ ತಕ್ಕಂತೆ ಇದನ್ನು ಬದಲಾಯಿಸಿಕೊಳ್ಳಬಹುದು.

ಬೆಳಿಗ್ಗೆ: ಮೂರು ಪಾಲು ಅಕ್ಕಿಹಿಟ್ಟಿಗೆ ಒಂದು ಪಾಲು ರಾಗಿಹಿಟ್ಟು ಬೆರೆಸಿದ ರೊಟ್ಟಿ, ಹರಿವೆ ಅಥವಾ ನುಗ್ಗೆಸೊಪ್ಪಿನ ಪಲ್ಯ, ಒಂದು ಸೀಬೆ ಅಥವಾ ಕಿತ್ತಳೆ ಹಣ್ಣು. ಸಮಯವಿಲ್ಲದಿದ್ದರೆ ಹಿಂದಿನ ರಾತ್ರಿ ಮಾಡಿಟ್ಟ ಕಡುಬು ಮತ್ತು ಕಾಳಿನ ಸಾರು.

ಮಧ್ಯಾಹ್ನದ ಬುತ್ತಿ: ಅನ್ನಕ್ಕೆ ಕಲಸಿದ ಬೇಳೆ ಅಥವಾ ಹುರುಳಿ ಸಾರು, ಬೇಯಿಸಿದ ಒಂದು ಮೊಟ್ಟೆ, ಉಪ್ಪಿನಲ್ಲಿಟ್ಟ ನೆಲ್ಲಿಕಾಯಿಯ ಒಂದು ತುಂಡು. ಮೊಟ್ಟೆ ಸೇವಿಸದವರು ಕಡಲೆಕಾಳಿನ ಉಸಲಿ ಅಥವಾ ಒಂದು ಹಿಡಿ ಹುರಿದ ಶೇಂಗಾ ಒಯ್ಯಬಹುದು.

ಸಂಜೆ: ಬೇಯಿಸಿದ ಗೆಣಸು, ಹಲಸಿನ ಬೀಜ ಅಥವಾ ಬಾಳೆಹಣ್ಣು. ಕಾಫಿ ಕುಡಿಯುವುದಿದ್ದರೆ ಈ ಹೊತ್ತಿನಲ್ಲಿ ಒಂದು ಲೋಟ.

ರಾತ್ರಿ: ಅನ್ನ ಅಥವಾ ಮುದ್ದೆ, ತರಕಾರಿ ಹುಳಿ, ರೂಢಿಯಿರುವ ಮನೆಗಳಲ್ಲಿ ಮೀನು, ಏಡಿ ಅಥವಾ ಮಾಂಸ, ಒಂದು ಲೋಟ ಮಜ್ಜಿಗೆ ಅಥವಾ ಹಾಲು.

ಹಿತ್ತಿಲಲ್ಲಿ ನಾಲ್ಕೈದು ಬಗೆಯ ಸೊಪ್ಪು, ಒಂದು ಸೀಬೆ ಮತ್ತು ಒಂದು ನಿಂಬೆ ಗಿಡ ಬೆಳೆಸಿಕೊಂಡರೆ ವರ್ಷದ ಹೆಚ್ಚಿನ ದಿನಗಳಲ್ಲಿ ಮೇಲಿನ ಆಹಾರ ಸಾಧ್ಯವಾಗುತ್ತದೆ. ಕೈತೋಟದ ಬಗ್ಗೆ ಮಾಹಿತಿಗಾಗಿ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಅಥವಾ ಮೂಡಿಗೆರೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಶಾಲೆಯಲ್ಲಿ ದೊರೆಯುವ ಸೌಲಭ್ಯಗಳು

ಅಕ್ಷರ ದಾಸೋಹ: ರಾಜ್ಯದ ಬಿಸಿಯೂಟ ಕಾರ್ಯಕ್ರಮವು 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭಗೊಂಡು, 2003ರಲ್ಲಿ ಇತರ ಜಿಲ್ಲೆಗಳಿಗೆ ಹಾಗೂ 2007ರಲ್ಲಿ ಎಂಟರಿಂದ ಹತ್ತನೆಯ ತರಗತಿಗಳಿಗೆ ವಿಸ್ತರಣೆಯಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ವಿದ್ಯಾರ್ಥಿಗಳಿಗೆ ಇದಕ್ಕಾಗಿ ಪ್ರತ್ಯೇಕ ಅರ್ಜಿಯ ಅಗತ್ಯವಿಲ್ಲ. ಹಿರಿಯ ಪ್ರಾಥಮಿಕ ಹಂತದಲ್ಲಿ ದಿನವೊಂದಕ್ಕೆ ಪ್ರತಿ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ನಿಗದಿಯಾಗಿದ್ದು, ಊಟವು 700 ಕಿಲೋ ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಒದಗಿಸಬೇಕು.

ಕ್ಷೀರಭಾಗ್ಯ: 2013ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಡಿ 150 ಮಿ.ಲೀ. ಬಿಸಿ ಹಾಲು ನೀಡಲಾಗುತ್ತದೆ. 2024ರಿಂದ ನಿಗದಿತ ದಿನಗಳಲ್ಲಿ ಹಾಲಿನೊಂದಿಗೆ ರಾಗಿ ಮಿಶ್ರಣವನ್ನು ಸಹ ನೀಡಲಾಗುತ್ತಿದೆ.

ಮೊಟ್ಟೆ: ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಿಂದ 2024ರ ಸೆಪ್ಟೆಂಬರ್‌ನಲ್ಲಿ ವಾರದ ಆರು ದಿನಗಳಿಗೆ ವಿಸ್ತರಿಸಲಾಗಿದೆ. ಮೊಟ್ಟೆ ಸೇವಿಸದವರಿಗೆ ಬಾಳೆಹಣ್ಣು ನೀಡಲಾಗುತ್ತದೆ. ಮಗುವಿನ ಆಯ್ಕೆಯನ್ನು ಪೋಷಕರು ಶಾಲೆಗೆ ತಿಳಿಸಬೇಕು.

ಕಬ್ಬಿಣಾಂಶದ ಮಾತ್ರೆ: ಆರರಿಂದ ಹನ್ನೆರಡನೆಯ ತರಗತಿಯವರೆಗೆ ವಾರಕ್ಕೊಂದು ನೀಲಿ ಬಣ್ಣದ ಮಾತ್ರೆ ನೀಡಲಾಗುತ್ತದೆ. ಅನೀಮಿಯ ಮುಕ್ತ ಭಾರತ ಕಾರ್ಯಕ್ರಮದಂತೆ ಇದರಲ್ಲಿ 60 ಮಿ.ಗ್ರಾಂ. ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಊಟದ ನಂತರ ನೀರಿನೊಂದಿಗೆ ಸೇವಿಸಬೇಕು. ಕಾಫಿ, ಚಹಾ ಅಥವಾ ಹಾಲಿನೊಂದಿಗೆ ಸೇವಿಸಬಾರದು. ಶಾಲೆ ಬಿಟ್ಟ ಕಿಶೋರಿಯರು ಇದನ್ನು ಅಂಗನವಾಡಿ ಕೇಂದ್ರದಲ್ಲಿ ಪಡೆಯಬಹುದು.

ಶಾಲೆ ನಡೆದ ದಿನ ಊಟ ಒದಗಿಸದಿದ್ದಲ್ಲಿ, 2015ರ ಮಧ್ಯಾಹ್ನದ ಊಟ ನಿಯಮಗಳಂತೆ ಮಕ್ಕಳಿಗೆ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಒಳಗೊಂಡ ಆಹಾರ ಭದ್ರತಾ ಭತ್ಯೆಯನ್ನು ಮುಂದಿನ ತಿಂಗಳ 15ರೊಳಗೆ ನೀಡತಕ್ಕದ್ದು. ಈ ಸಂಬಂಧ ದೂರುಗಳನ್ನು ಮೊದಲು ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಗೆ, ನಂತರ ತಾಲ್ಲೂಕು ಪಂಚಾಯಿತಿಯಲ್ಲಿರುವ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ಸಲ್ಲಿಸಬಹುದು.

ಪದವಿಪೂರ್ವ ಹಂತದ ವಿದ್ಯಾರ್ಥಿಗಳಿಗೆ

ಈ ಹಂತದಲ್ಲಿ ಬಿಸಿಯೂಟ ಲಭ್ಯವಿಲ್ಲವಾದರೂ ಕೆಳಕಂಡ ಸೌಲಭ್ಯಗಳನ್ನು ಪಡೆಯಬಹುದು:

1. ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ: ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಊಟ ಮತ್ತು ವಸತಿ ಸೌಲಭ್ಯವುಳ್ಳ ನಿಲಯಗಳನ್ನು ನಡೆಸುತ್ತಿವೆ. ದಿನವೂ ದೂರ ಪ್ರಯಾಣ ಮಾಡುವ ವಿದ್ಯಾರ್ಥಿಗಳು ಪ್ರವೇಶ ಪ್ರಕಟಣೆಯ ಅವಧಿಯಲ್ಲಿ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು.
2. ವಿದ್ಯಾಸಿರಿ: ವಿದ್ಯಾರ್ಥಿನಿಲಯದಲ್ಲಿ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿ ಸಹಾಯಧನ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬೇಕು.
3. ಸ್ನೇಹ ಕ್ಲಿನಿಕ್: ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಈ ಕ್ಲಿನಿಕ್‌ನಲ್ಲಿ ಪೋಷಣೆ, ಋತುಸ್ರಾವ ಹಾಗೂ ಇತರ ವಿಷಯಗಳ ಬಗ್ಗೆ ಆಪ್ತ ಸಲಹೆಯನ್ನು ಉಚಿತವಾಗಿ ನೀಡಲಾಗುತ್ತದೆ. ವಿಷಯವನ್ನು ಗೌಪ್ಯವಾಗಿ ಇಡಲಾಗುತ್ತದೆ. ಸಮೀಪದ ಕ್ಲಿನಿಕ್‌ನ ಮಾಹಿತಿಯನ್ನು ಆಶಾ ಕಾರ್ಯಕರ್ತೆಯಿಂದ ಪಡೆಯಬಹುದು.

ವಿದ್ಯಾರ್ಥಿನಿಲಯದ ಅರ್ಜಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಆಧಾರ್, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಕಾಲೇಜು ದಾಖಲಾತಿಯ ವಿವರ ಮತ್ತು ಬ್ಯಾಂಕ್ ಖಾತೆಯ ವಿವರ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ನಾಡಕಚೇರಿಯಲ್ಲಿ ಮುಂಚಿತವಾಗಿಯೇ ಪಡೆದಿಟ್ಟುಕೊಂಡಲ್ಲಿ ವಿಳಂಬ ತಪ್ಪುತ್ತದೆ.

ತೋಟದ ಕಾರ್ಮಿಕ ಕುಟುಂಬಗಳಿಗೆ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋಗ್ರಾಂ ಹಾಗೂ ಅಂತ್ಯೋದಯ ಕುಟುಂಬಕ್ಕೆ 35 ಕಿಲೋಗ್ರಾಂ ಧಾನ್ಯದ ಹಕ್ಕಿದೆ. ಪ್ರಮಾಣವು ಸದಸ್ಯರ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ಮಕ್ಕಳ ಹೆಸರು ಪಡಿತರ ಚೀಟಿಯಲ್ಲಿ ಸೇರಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಹೆಸರು ಸೇರ್ಪಡೆಗೆ ಅವಕಾಶ ನೀಡಿದ ಅವಧಿಯಲ್ಲಿ ಮಗುವಿನ ಆಧಾರ್ ಮತ್ತು ಜನನ ಪ್ರಮಾಣ ಪತ್ರದೊಂದಿಗೆ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು.

ಕೊಯ್ಲಿಗಾಗಿ ಬೇರೆ ಜಿಲ್ಲೆ ಅಥವಾ ಹೊರರಾಜ್ಯದಿಂದ ಬಂದ ಕುಟುಂಬಗಳು 'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ತಾವಿರುವ ಸ್ಥಳದ ನ್ಯಾಯಬೆಲೆ ಅಂಗಡಿಯಲ್ಲಿಯೇ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. 2022ರ ಜೂನ್‌ನಲ್ಲಿ ಅಸ್ಸಾಂ ಸೇರ್ಪಡೆಯೊಂದಿಗೆ ಈ ವ್ಯವಸ್ಥೆ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. ಇದಕ್ಕೆ ಹೊಸ ಚೀಟಿ ಬೇಕಿಲ್ಲ. ಹಳೆಯ ಚೀಟಿಯ ಸಂಖ್ಯೆ ಮತ್ತು ಆಧಾರ್ ದೃಢೀಕರಣ ಸಾಕು.

ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ಅಥವಾ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣದಿಂದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ. ಕೊಯ್ಲಿನ ಮೂರು ತಿಂಗಳಿಗಾದರೂ ಶಾಲೆಗೆ ಸೇರಿದ ಮಗುವಿಗೆ ಆ ದಿನದಿಂದಲೇ ಊಟ, ಹಾಲು, ಮೊಟ್ಟೆ ದೊರೆಯುತ್ತವೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಳೆಯ ಕಾರಣ ಶಾಲೆಗೆ ರಜೆ ಘೋಷಿಸಿದ ದಿನ ಬಿಸಿಯೂಟ ದೊರೆಯುವುದೇ?
ಉತ್ತರ: ಶಾಲೆ ನಡೆಯದ ದಿನ ಬಿಸಿಯೂಟವಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂತಹ ರಜೆಗಳು ಬರುವ ಸಂಭವವಿರುವುದರಿಂದ ಹುರುಳಿ, ಕಡಲೆ, ರಾಗಿ ಮತ್ತು ಒಣಗಿಸಿದ ಹಲಸಿನ ಬೀಜವನ್ನು ಮಳೆಗಾಲಕ್ಕೆ ಮುಂಚೆಯೇ ಸಂಗ್ರಹಿಸಿಡುವುದು ಒಳಿತು.

ಪ್ರಶ್ನೆ: ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ನಿಲ್ಲಿಸಬೇಕೇ?
ಉತ್ತರ: ಬೇಡ. ಇದು ಸಹಜ ಮತ್ತು ಹಾನಿಯಿಲ್ಲದ್ದು. ಖಾಲಿ ಹೊಟ್ಟೆಯಲ್ಲಿ ಸೇವಿಸಿದರೆ ವಾಕರಿಕೆ ಬರಬಹುದು. ತೊಂದರೆ ಮುಂದುವರಿದಲ್ಲಿ ಆರೋಗ್ಯ ಕಾರ್ಯಕರ್ತೆಗೆ ತಿಳಿಸಬೇಕು.

ಪ್ರಶ್ನೆ: ಹಾಲು ಬೆರೆಸಿದ ಕಾಫಿಯಿಂದ ತೊಂದರೆ ಇಲ್ಲವಲ್ಲವೇ?
ಉತ್ತರ: ಹಾಲು ಬೆರೆಸಿದರೂ ಊಟದೊಂದಿಗೆ ಕಾಫಿ ಕುಡಿಯುವುದು ಸರಿಯಲ್ಲ. ಹಾಲಿನ ಸುಣ್ಣಾಂಶವೂ ಕಬ್ಬಿಣಾಂಶದ ಹೀರಿಕೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಊಟದಿಂದ ಅಂತರವಿಟ್ಟು ಕುಡಿಯಬಹುದು.

ಪ್ರಶ್ನೆ: ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಬಿಸಿಯೂಟವಿದೆಯೇ?
ಉತ್ತರ: ಇಲ್ಲ. ಇಂತಹ ಮಕ್ಕಳ ಪೋಷಕರು ಬುತ್ತಿಯ ಬಗ್ಗೆ ವಿಶೇಷ ಗಮನ ನೀಡಬೇಕು. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಸೇವೆ ಎಲ್ಲ ಹದಿಹರೆಯದವರಿಗೂ ಮುಕ್ತವಾಗಿದೆ.

ಸಾರ್ವಜನಿಕರ ಗಮನಕ್ಕೆ

ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಸೇರುವ ವರ್ಷದಲ್ಲಿ ಪೋಷಕರು ಮೂರು ಕೆಲಸಗಳನ್ನು ಮಾಡಬೇಕೆಂದು ಕೋರಲಾಗಿದೆ: ಮಗುವಿನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು, ಪ್ರಯಾಣ ದೂರವಿದ್ದಲ್ಲಿ ವಿದ್ಯಾರ್ಥಿನಿಲಯಕ್ಕೆ ಸಕಾಲದಲ್ಲಿ ಅರ್ಜಿ ಸಲ್ಲಿಸುವುದು ಮತ್ತು ಮನೆಯಿಂದ ಹೋಗುವವರಿಗೆ ಬೆಳಗಿನ ತಿಂಡಿ ಹಾಗೂ ಬುತ್ತಿಯ ವ್ಯವಸ್ಥೆ ಮಾಡುವುದು. ಪಡಿತರ ಸಂಬಂಧಿತ ದೂರುಗಳಿಗೆ 1967 ಹಾಗೂ ಮಕ್ಕಳ ನೆರವಿಗೆ 1098 ಉಚಿತ ಸಹಾಯವಾಣಿಗಳನ್ನು ಸಂಪರ್ಕಿಸಬಹುದು.